ಬಯಲಿನಲ್ಲಿ ಉಳಿದ ಬೆಳ್ಳಿತೆರೆ

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಆಲೆನ್‌ಟೌನ್ ಎಂಬ ನಗರವಿದೆ. ಅದರ ಹೊರವಲಯದ ಓರ್‌ಫೀಲ್ಡ್ ಎಂಬಲ್ಲಿ ಗೋಡೆಯಿಲ್ಲದ, ಛಾವಣಿಯಿಲ್ಲದ ಒಂದು ಚಿತ್ರಮಂದಿರವಿದೆ. ಅದರ ಹೆಸರು ಶ್ಯಾಂಕ್‌ವೈಲರ್ಸ್ ಡ್ರೈವ್-ಇನ್. ಪ್ರೇಕ್ಷಕರು ತಮ್ಮ ಕಾರಿನಲ್ಲಿಯೇ ಒಳಗೆ ಬಂದು, ಕಾರಿನಲ್ಲಿಯೇ ಕುಳಿತು ಎದುರಿನ ಬೃಹತ್ ಪರದೆಯ ಮೇಲೆ ಸಿನಿಮಾ ನೋಡುತ್ತಾರೆ. 1934ರ ಏಪ್ರಿಲ್ 15ರಂದು ಆರಂಭವಾದ ಇದು, ಈಗಲೂ ನಡೆಯುತ್ತಿರುವ ಡ್ರೈವ್-ಇನ್‌ಗಳಲ್ಲೆಲ್ಲ ಅತ್ಯಂತ ಹಳೆಯದೆಂದು ಪ್ರಸಿದ್ಧವಾಗಿದೆ.

ಆ ಭಾಗದಲ್ಲಿ ಉದ್ಯೋಗದಲ್ಲಿರುವ ನನ್ನ ತಮ್ಮನ ಮಗ ಹೆಂಡತಿ ಮಕ್ಕಳೊಡನೆ ಅಲ್ಲಿಗೆ ಹೋಗಿ ಬಂದು, ದೂರವಾಣಿಯಲ್ಲಿ ವಿವರವಾಗಿ ವರ್ಣಿಸಿದ. ಕೊನೆಗೆ, "ದೊಡ್ಡಪ್ಪ, ಮೊಬೈಲಿನಲ್ಲಿಯೇ ಸಿನಿಮಾ ಸಿಗುವ ಈ ಕಾಲದಲ್ಲಿ ಇದೊಂದು ಹೇಗೆ ಉಳಿಯಿತು?" ಎಂದು ಕೇಳಿದ. ನಾಲ್ಕು ಸಾವಿರಕ್ಕೂ ಹೆಚ್ಚಿದ್ದ ಡ್ರೈವ್-ಇನ್‌ಗಳಲ್ಲಿ ಬಹುಪಾಲು ಅಳಿದುಹೋಗಿರುವಾಗ ಇದು ಉಳಿದುದಕ್ಕೆ ಕಾರಣವಿರಲೇಬೇಕಲ್ಲವೇ? ಆ ಪ್ರಶ್ನೆಯ ಬೆನ್ನು ಹತ್ತಿ ತಿಳಿದುಕೊಂಡ ಸಂಗತಿಗಳನ್ನು ನನ್ನ ವಿದ್ಯಾರ್ಥಿಮಿತ್ರರ ಮುಂದೆಯೂ ಇಡುತ್ತಿದ್ದೇನೆ.

ಮೊದಲು ಈ ಕಲ್ಪನೆಯ ಹುಟ್ಟನ್ನು ನೋಡೋಣ. ನ್ಯೂಜೆರ್ಸಿ ರಾಜ್ಯದ ರಿಚರ್ಡ್ ಹಾಲಿಂಗ್ಸ್‌ಹೆಡ್ ಎಂಬಾತ ಮೋಟಾರು ಸಾಮಗ್ರಿಗಳ ವ್ಯಾಪಾರದ ಮನೆತನದವನು. ತನ್ನ ಮನೆಯ ಆವರಣದ ಮರಗಳಿಗೆ ಪರದೆ ಕಟ್ಟಿ, ಕಾರಿನ ಬಾನೆಟ್ಟಿನ ಮೇಲೆ ಪ್ರೊಜೆಕ್ಟರ್ ಇರಿಸಿ ಪ್ರಯೋಗ ನಡೆಸಿದ. ಮಳೆ ಬಂದರೆ ಚಿತ್ರ ಹೇಗೆ ಕಾಣುತ್ತದೆಂದು ತಿಳಿಯಲು ತೋಟಕ್ಕೆ ನೀರು ಚಿಮ್ಮಿಸುವ ಸಾಧನವನ್ನು ಕಾರಿನ ಮೇಲೆ ತಿರುಗಿಸಿದನಂತೆ! ಮುಂದಿನ ಕಾರು ಹಿಂದಿನ ಕಾರಿನವರ ನೋಟಕ್ಕೆ ಅಡ್ಡವಾಗುವುದೇ ದೊಡ್ಡ ತೊಡಕಾಗಿತ್ತು. ಮುಂಚಕ್ರಗಳ ಕೆಳಗೆ ದಿಮ್ಮಿಗಳನ್ನಿಟ್ಟು ಕಾರಿನ ಮೂತಿಯನ್ನು ಮೇಲೆತ್ತಿದರೆ ಆ ತೊಡಕು ನಿವಾರಣೆಯಾಗುವುದೆಂದು ಆತ ಕಂಡುಕೊಂಡ. ಸಾಲುಸಾಲಾಗಿ ಮಣ್ಣಿನ ಇಳಿಜಾರು ದಿಬ್ಬಗಳನ್ನು ಮಾಡುವ ಈ ವಿಧಾನಕ್ಕೆ 1933ರ ಮೇ 16ರಂದು ಪೇಟೆಂಟ್ ದೊರೆಯಿತು. ಅದೇ ವರ್ಷದ ಜೂನ್ 6ರಂದು ಕ್ಯಾಮ್ಡನ್ ನಗರದ ಸಮೀಪ ಜಗತ್ತಿನ ಮೊದಲ ಡ್ರೈವ್-ಇನ್ ತೆರೆಯಿತು. ಕಾರಿಗೆ 25 ಸೆಂಟ್, ತಲೆಗೆ 25 ಸೆಂಟ್ ಪ್ರವೇಶಧನ.

ಆದರೆ ಆ ಮೊದಲ ಡ್ರೈವ್-ಇನ್ ಕೆಲವೇ ವರ್ಷಗಳಲ್ಲಿ ಮುಚ್ಚಿತು. ಪೇಟೆಂಟ್ ಕೂಡ ಆತನ ಕೈಹಿಡಿಯಲಿಲ್ಲ. ಅವನ ವಿಧಾನವನ್ನು ಅನುಸರಿಸಿದ ಅನೇಕರು ಗೌರವಧನ ಕೊಡಲು ಒಪ್ಪದೆ ಮೊಕದ್ದಮೆಗಳಾದವು. 1949ರಲ್ಲಿ ನ್ಯಾಯಾಲಯವು ಇದು ಪೇಟೆಂಟಿಗೆ ಅರ್ಹವಾದ ಆವಿಷ್ಕಾರವಲ್ಲವೆಂದು ತೀರ್ಪಿತ್ತಿತು. ಆಲೋಚನೆ ಹುಟ್ಟಿಸಿದವನಿಗೆ ಅದು ದಕ್ಕಲಿಲ್ಲ. ಅದನ್ನು ನೋಡಿ ಕಲಿತ ಒಬ್ಬ ಹೋಟೆಲಿನವನ ಊರಿನಲ್ಲಿ ಅದು ಬೇರೂರಿತು.

ಆ ಹೋಟೆಲಿನವನೇ ವಿಲ್ಸನ್ ಶ್ಯಾಂಕ್‌ವೈಲರ್. ಕ್ಯಾಮ್ಡನ್‌ನ ಡ್ರೈವ್-ಇನ್ ನೋಡಿ ಬಂದವನು ಮರುವರ್ಷವೇ ತನ್ನ ಜಾಗದಲ್ಲಿ ಅಂಥದನ್ನು ಆರಂಭಿಸಿದ. ಎರಡು ಕಂಬಗಳ ನಡುವೆ ಬಿಳಿಯ ಬಟ್ಟೆ, ಒಂದು ಪ್ರೊಜೆಕ್ಟರ್, ಕಂಬಕ್ಕೆ ಕಟ್ಟಿದ ಒಂದು ಧ್ವನಿವರ್ಧಕ, ಇಷ್ಟೇ ಬಂಡವಾಳ. ನಮ್ಮ ಕಡೆಯ ಟೆಂಟ್ ಸಿನಿಮಾ ಕಂಡವರಿಗೆ ಈ ಚಿತ್ರ ಅಪರಿಚಿತವೆನಿಸಲಾರದು.

ಬಯಲಿನ ಚಿತ್ರಮಂದಿರಕ್ಕೆ ಮೊದಲ ಶತ್ರು ಧ್ವನಿ. ಭೌತಶಾಸ್ತ್ರದ ಪಾಠವನ್ನು ನೆನಪಿಸಿಕೊಳ್ಳಿ: ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಧ್ವನಿವರ್ಧಕವು ಪರದೆಯ ಬಳಿಯಿದ್ದರೆ, 170 ಮೀಟರ್ ಹಿಂದಿರುವ ಕಾರಿಗೆ ಮಾತು ಅರ್ಧ ಸೆಕೆಂಡು ತಡವಾಗಿ ತಲುಪುತ್ತದೆ. ತುಟಿ ಮುಚ್ಚಿದ ಮೇಲೆ ಮಾತು ಕೇಳಿಸಿದಂತೆ! ಧ್ವನಿ ಏರಿಸಿದರೆ ನೆರೆಹೊರೆಯವರ ನಿದ್ದೆಗೆ ಭಂಗ. ಕಾರಿನ ಕಿಟಕಿಗೆ ಸಿಕ್ಕಿಸುವ ಪುಟ್ಟ ಧ್ವನಿವರ್ಧಕಗಳು ಬಂದ ಮೇಲೆ ಈ ಸಮಸ್ಯೆ ನೀಗಿತು. ಶ್ಯಾಂಕ್‌ವೈಲರ್ಸ್ 1948ರಲ್ಲಿ ಅವನ್ನು ಅಳವಡಿಸಿಕೊಂಡಿತು. 1955ರಲ್ಲಿ ಡಯೇನ್ ಎಂಬ ಚಂಡಮಾರುತ ಬಡಿದು ಪರದೆಗೂ ಕಟ್ಟಡಕ್ಕೂ ಹಾನಿಯಾಯಿತು. ಮಾಲೀಕ ಕೈಚೆಲ್ಲಿ ಕೂರಲಿಲ್ಲ. ಆಗ ತಾನೇ ಬಳಕೆಗೆ ಬಂದಿದ್ದ ಸಿನಿಮಾಸ್ಕೋಪಿಗೆ ತಕ್ಕ ಅಗಲವಾದ ಪರದೆಯನ್ನೇ ನಿಲ್ಲಿಸಿದ.

1958ರ ಹೊತ್ತಿಗೆ ಅಮೆರಿಕದಲ್ಲಿ ಡ್ರೈವ್-ಇನ್‌ಗಳ ಸಂಖ್ಯೆ 4,000 ದಾಟಿತ್ತು. ಈಗ ಉಳಿದಿರುವುದು ಸುಮಾರು 300. ಈ ಕುಸಿತಕ್ಕೆ ದೂರದರ್ಶನವೊಂದನ್ನೇ ಹೊಣೆ ಮಾಡುವುದು ವಾಡಿಕೆ. ವಾಸ್ತವದಲ್ಲಿ ಪೆಟ್ಟುಗಳು ಹಲವು ದಿಕ್ಕಿನಿಂದ ಬಂದವು. 1966ರ ಕಾನೂನಿನಂತೆ ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ಪದ್ಧತಿ ಬಹುತೇಕ ದೇಶಕ್ಕೆಲ್ಲ ಏಕರೂಪವಾಗಿ ಬಂದಿತು. ಕತ್ತಲಾಗದೆ ಬಯಲಿನಲ್ಲಿ ಚಿತ್ರ ತೋರಿಸುವಂತಿಲ್ಲ. ಪ್ರದರ್ಶನ ಒಂದು ಗಂಟೆ ತಡವಾದರೆ ಮಕ್ಕಳೊಂದಿಗರು ಬರುವುದು ಹೇಗೆ? ಮುಂದೆ ಮನೆಮನೆಗೆ ವೀಡಿಯೊ ಕ್ಯಾಸೆಟ್ ಬಂದಿತು, ಒಂದೇ ಸೂರಿನಡಿ ಹಲವು ಪರದೆಗಳ ಚಿತ್ರಮಂದಿರಗಳು ಬಂದವು.

ಇವೆಲ್ಲಕ್ಕಿಂತ ಬಲವಾದ ಪೆಟ್ಟು ಭೂಮಿಯ ಬೆಲೆ. ಡ್ರೈವ್-ಇನ್‌ಗೆ ಎಕರೆಗಟ್ಟಲೆ ಜಾಗ ಬೇಕು. ಊರ ಹೊರಗೆ ಅಗ್ಗದ ಹೊಲದಲ್ಲಿ ಆರಂಭವಾದದ್ದು ಊರು ಬೆಳೆದಂತೆ ಊರೊಳಗಾಗುತ್ತದೆ. ರಾತ್ರಿ ಮಾತ್ರ, ಅದೂ ಬೆಚ್ಚನೆಯ ತಿಂಗಳುಗಳಲ್ಲಿ ಮಾತ್ರ ಸಂಪಾದಿಸುವ ಹೊಲಕ್ಕೆ ಹಗಲೂ ರಾತ್ರಿ ಸಂಪಾದಿಸುವ ಅಂಗಡಿ ಸಂಕೀರ್ಣದೊಡನೆ ಸ್ಪರ್ಧಿಸುವ ಶಕ್ತಿಯೆಲ್ಲಿಯದು? ಟಿಕೆಟ್ ಹಣದ ದೊಡ್ಡ ಪಾಲು ವಿತರಕರಿಗೆ ಹೋಗುವುದರಿಂದ ಮಾಲೀಕನಿಗೆ ಆಧಾರ ತಿಂಡಿಯಂಗಡಿಯ ಲಾಭವೇ. ಊರು ಬೆಳೆದು ಬಯಲನ್ನು ಸುತ್ತುವರಿಯುವುದು ನಮ್ಮ ದೇಶದಲ್ಲಿಯೂ ಕಂಡದ್ದೇ. ಅಹಮದಾಬಾದಿನ ಥಲ್ತೇಜಿನಲ್ಲಿ 1973ರಲ್ಲಿ ಸನ್‌ಸೆಟ್ ಡ್ರೈವ್-ಇನ್ ಆರಂಭವಾದಾಗ ಅದು ನಗರದ ಅಂಚು. ನಗರ ಅದನ್ನು ದಾಟಿ ಬೆಳೆಯಿತು. ಅಲ್ಲಿಗೆ ಹೋಗುವ ರಸ್ತೆಗೇ ಡ್ರೈವ್-ಇನ್ ರಸ್ತೆ ಎಂಬ ಹೆಸರು ನಿಂತಿತು.

ಹಾಗಾದರೆ ಓರ್‌ಫೀಲ್ಡಿನ ಬಯಲು ಮಾರಾಟವಾಗಲಿಲ್ಲವೇ? ಆಯಿತು, ಒಂದಲ್ಲ, ಮೂರು ಬಾರಿ. ನನ್ನ ದೃಷ್ಟಿಯಲ್ಲಿ ಉತ್ತರವಿರುವುದು ಇಲ್ಲಿಯೇ. 1965ರಲ್ಲಿ ಶ್ಯಾಂಕ್‌ವೈಲರ್ ನಿವೃತ್ತನಾದಾಗ ಚಿತ್ರಮಂದಿರವನ್ನು ಮುಂದುವರಿಸುವವರೇ ಅದನ್ನು ಕೊಂಡರು. 1984ರಲ್ಲಿ ಅದನ್ನು ಕೊಂಡವನು ಅಲ್ಲಿಯೇ ಹಲವು ವರ್ಷ ದುಡಿದಿದ್ದ ವ್ಯವಸ್ಥಾಪಕ, ಪತ್ನಿಯೊಡನೆ. ಧ್ವನಿಯು ಕಾರಿನ ರೇಡಿಯೊ ಮೂಲಕವೇ ಬರುವಂತೆ 1982ರಲ್ಲಿ ಎಎಂ, 1986ರಲ್ಲಿ ಎಫ್‌ಎಂ ವ್ಯವಸ್ಥೆ ಅಳವಟ್ಟಿತು. 2013ರ ಹೊತ್ತಿಗೆ ಚಿತ್ರ ತಯಾರಕರು ಫಿಲ್ಮ್ ಸುರುಳಿಗಳನ್ನು ನಿಲ್ಲಿಸತೊಡಗಿದಾಗ, ಹತ್ತಾರು ಸಾವಿರ ಡಾಲರ್ ಬೆಲೆಯ ಡಿಜಿಟಲ್ ಪ್ರೊಜೆಕ್ಟರ್ ಕೊಳ್ಳಲಾರದೆ ಅನೇಕ ಡ್ರೈವ್-ಇನ್‌ಗಳು ಬಾಗಿಲು ಹಾಕಿದವು. ಇಲ್ಲಿ ಆ ವರ್ಷವೇ ಡಿಜಿಟಲ್ ಬಂದಿತು. 2020ರಲ್ಲಿ ಕೋವಿಡ್ ಕಾರಣದಿಂದ ಒಳಾಂಗಣ ಚಿತ್ರಮಂದಿರಗಳು ಮುಚ್ಚಿದಾಗ, ಜನ ಮತ್ತೆ ಕಾರಿನ ಸಿನಿಮಾವನ್ನು ನೆನಪಿಸಿಕೊಂಡರು.

2022ರಲ್ಲಿ ಅದು ಒಂದು ಯುವ ಜೋಡಿಯ ಕೈಸೇರಿತು. ಅವರು ಅದಕ್ಕೆ ಮೊದಲು ಊರೂರಿಗೆ ಹೋಗಿ ಬಯಲಿನಲ್ಲಿ ಚಿತ್ರ ತೋರಿಸುತ್ತಿದ್ದವರು. ಅಂದರೆ, ನಮ್ಮ ಮಾತಿನಲ್ಲಿ, ಟೂರಿಂಗ್ ಟಾಕೀಸಿನವರು! ಇದನ್ನು ಓದಿದಾಗ ನನ್ನ ಬಾಲ್ಯದ ಟೆಂಟು ಕಣ್ಣಮುಂದೆ ಬಂದಿತು. ಸಂಜೆಯಾದೊಡನೆ ಘಂಟಸಾಲರ ಭಕ್ತಿಗೀತೆ ಮೊಳಗುತ್ತಿತ್ತು. ಅದು ಕೇಳಿಸಿತೆಂದರೆ ಟಿಕೆಟ್ ಕೊಡುತ್ತಾರೆಂದು ಊರಿಗೇ ತಿಳಿಯುತ್ತಿತ್ತು. ಆ ಟೆಂಟಿನ ಜಾಗ ಬಾಡಿಗೆಯದು, ಪರವಾನಗಿ ತಾತ್ಕಾಲಿಕ. ಅದನ್ನು ನಡೆಸಿದವರ ಶ್ರದ್ಧೆ ಯಾರಿಗೂ ಕಡಿಮೆಯಿರಲಿಲ್ಲ, ಆದರೆ ಕಾಲೂರಲು ಸ್ವಂತ ನೆಲವಿರಲಿಲ್ಲ. ಇಂದು ಆ ಜಾಗದಲ್ಲಿ ಮನೆಗಳಿವೆ.

ಓರ್‌ಫೀಲ್ಡಿನಲ್ಲಿ ಪರದೆ, ಧ್ವನಿವರ್ಧಕ, ಪ್ರೊಜೆಕ್ಟರ್ ಎಲ್ಲವೂ ಬದಲಾದವು. ಬದಲಾಗದೆ ಉಳಿದುದು ಒಂದು ಮಾತ್ರ: ಆ ನೆಲ ಪ್ರತಿಸಲವೂ ಸಿನಿಮಾ ತೋರಿಸಬೇಕೆನ್ನುವವರ ಕೈಗೇ ಹೋಯಿತು. ಒಮ್ಮೆ, ಒಂದೇ ಒಂದು ಸಲ ಬೇರೆಯವರ ಕೈಗೆ ಹೋಗಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಶಾಲೆ, ಗ್ರಂಥಾಲಯ, ನಾಟಕ ಮಂಡಳಿಗಳ ವಿಷಯದಲ್ಲಿಯೂ ಇದು ನಿಜವೆಂದು ನನ್ನ ನಂಬಿಕೆ.

ವಿದ್ಯಾರ್ಥಿಮಿತ್ರರೇ, ನಿಮ್ಮ ಊರಿನ ಹಳೆಯ ಚಿತ್ರಮಂದಿರ ಯಾವಾಗ ತೆರೆಯಿತು, ಯಾರಿಂದ ಯಾರ ಕೈಗೆ ಹೋಯಿತು, ಏಕೆ ಮುಚ್ಚಿತು ಎಂಬುದನ್ನು ಬಲ್ಲ ಹಿರಿಯರು ಇನ್ನೂ ಇದ್ದಾರೆ. ಬಿಡುವು ಮಾಡಿಕೊಂಡು ಅವರನ್ನು ಕೇಳಿ, ಬರೆದಿಡಿ. ಬರೆದುದನ್ನು ನನಗೂ ಒಮ್ಮೆ ತೋರಿಸಿ. ಈ ಬಾರಿ ಕೆಂಪು ಶಾಯಿಯಲ್ಲಿ ತಿದ್ದುವುದಿಲ್ಲ.