ಆಕಾಶದಲ್ಲೊಂದು ಬಾಂದುಕಲ್ಲು

ಹೊಲಕ್ಕೆ ಬದುವಿದೆ, ಊರಿಗೆ ಎಲ್ಲೆಯಿದೆ, ರಾಜ್ಯಕ್ಕೆ ಗಡಿಯಿದೆ. ಆಕಾಶಕ್ಕೆ ಇವಾವುವೂ ಇಲ್ಲವೆಂಬುದು ನಮ್ಮ ಸಾಮಾನ್ಯವಾದ ನಂಬಿಕೆ. ಬಾನುಲಿಯ ಚರಿತ್ರೆಯನ್ನು ಬಲ್ಲವರು ಮಾತ್ರ ಹಾಗೆನ್ನಲಾರರು. ಅಲ್ಲಿಯೂ ಅಳತೆಯುಂಟು, ಬಾಂದುಕಲ್ಲುಂಟು, ಒತ್ತುವರಿಯೂ ಉಂಟು. ಈ ಒತ್ತುವರಿಯ ಕಥೆಯನ್ನು ಮಹಾನಗರದಲ್ಲಿ ಕುಳಿತು ನೋಡುವುದಕ್ಕಿಂತ ಆಳಂದ ತಾಲ್ಲೂಕಿನ ನಿಂಬರ್ಗಾದಂಥ ಊರಿನಲ್ಲಿ ನಿಂತು ನೋಡುವುದು ಮೇಲು. ಒಂದು ಕಡೆ ಕಲಬುರಗಿ, ಇನ್ನೊಂದು ಕಡೆ ಸೊಲ್ಲಾಪುರ. ಕನ್ನಡ, ಮರಾಠಿ, ಉರ್ದು ಮೂರೂ ಕಿವಿಗೆ ಬೀಳುವ ಸೀಮೆ ಅದು. ದೂರದ ನಿಲಯಗಳ ಅಲೆಗಳು ಇಂಥ ಊರನ್ನು ಸೇರುವ ಹೊತ್ತಿಗೆ ದಣಿದಿರುತ್ತವೆ. ದಣಿದ ದನಿಯನ್ನೇ ನೆರೆಯ ಗದ್ದಲ ಮೊದಲು ನುಂಗುವುದು.

ಈ ಸೀಮೆಗೆ ಬಾನುಲಿಯ ಕನ್ನಡ ಸುಲಭವಾಗಿ ಬಂದದ್ದಲ್ಲ. 1935ರಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ‘ಆಕಾಶವಾಣಿ’ಯನ್ನು ಆರಂಭಿಸಿದರು. ಆದರೆ ಅಲ್ಪಶಕ್ತಿಯ ಆ ದನಿಗೂ ಭೀಮಾತೀರದ ಹಳ್ಳಿಗಳಿಗೂ ಬಹಳ ದೂರ. ಆಗ ಕಲಬುರಗಿ ಹೈದರಾಬಾದ್ ಸಂಸ್ಥಾನದಲ್ಲಿತ್ತು. ನಿಜಾಮರ ಡೆಕ್ಕನ್ ರೇಡಿಯೋದಲ್ಲಿ ಉರ್ದುವಿಗೆ ಅಗ್ರಪೀಠ. ಪ್ರಜೆಗಳ ನುಡಿಗಳಾದ ತೆಲುಗು, ಮರಾಠಿ, ಕನ್ನಡಗಳಿಗೆ ಉಳಿದ ವೇಳೆ. 1948ರ ಸೆಪ್ಟೆಂಬರ್ 17ರ ಸಂಜೆ ನಿಜಾಮರು ಯುದ್ಧವಿರಾಮವನ್ನು ಸಾರಿದ್ದೂ ಹೈದರಾಬಾದಿನ ಬಾನುಲಿಯ ಮೂಲಕವೇ. ಈ ನಾಡಿನ ವಿಮೋಚನೆಯ ವಾರ್ತೆ ಅಲೆಯನ್ನೇರಿ ಬಂದಿತೆಂಬುದನ್ನು ನಾವು ಮರೆಯಬಾರದು. 1950ರ ಜನವರಿ 8ರಂದು ಧಾರವಾಡದ ನಿಲಯ ಆರಂಭವಾಯಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ಹೈದರಾಬಾದ್ ನಿಲಯ ಆಕಾಶವಾಣಿಯ ವಶವಾಯಿತು. 1955ರಲ್ಲಿ ಬೆಂಗಳೂರಿಗೂ, 1966ರಲ್ಲಿ ಕಲಬುರಗಿಗೂ ನಿಲಯಗಳು ಬಂದವು. ಅಂತೂ ಈ ಸೀಮೆಯ ರೈತ ತನ್ನ ಆಡುನುಡಿಗೆ ಹತ್ತಿರವಾದ ಕನ್ನಡವನ್ನು ಪೆಟ್ಟಿಗೆಯೊಳಗಿಂದ ಕೇಳುವಂತಾಯಿತು.

ನಿಲಯಗಳು ಹೆಚ್ಚಿದಂತೆ ಆಕಾಶ ಇಕ್ಕಟ್ಟಾಯಿತು. ಮಧ್ಯಮ ತರಂಗಗಳ ಸ್ವಭಾವವೇ ಇದಕ್ಕೆ ಕಾರಣ. ಹಗಲಿನಲ್ಲಿ ಅಯಾನುಮಂಡಲದ ಕೆಳಪದರವು ಮೇಲೇರಿದ ಅಲೆಗಳನ್ನು ಹೀರಿಬಿಡುತ್ತದೆ. ನೆಲವನ್ನು ಹಿಡಿದು ಸಾಗಿದವು ಮಾತ್ರ ಉಳಿಯುತ್ತವೆ. ಹೊತ್ತು ಮುಳುಗಿದೊಡನೆ ಆ ಪದರ ಕರಗುತ್ತದೆ. ಆಗ ಮೇಲಿನ ಪದರಗಳು ಅಲೆಗಳನ್ನು ನೂರಾರು ಮೈಲಿಯಾಚೆಗೆ ಇಳಿಸುತ್ತವೆ. ಹಗಲಿನಲ್ಲಿ ದೂರವಾಗಿದ್ದವರೆಲ್ಲ ಇರುಳಿನಲ್ಲಿ ನೆರೆಯವರಾಗುತ್ತಾರೆ. ಕನ್ನಡ ವಾರ್ತೆಯ ನಡುವೆ ಯಾವುದೋ ದೇಶದ ಹಾಡು ತೇಲಿಬರುವುದು ಹೀಗೆ.

ಈ ನೆರೆಹೊರೆಗೆ ಕಟ್ಟಳೆಯನ್ನು ವಿಧಿಸಿದ್ದು 1975ರ ಜಿನೀವಾ ಒಪ್ಪಂದ. ಅದುವರೆಗೆ ಏಷ್ಯದ ಅನೇಕ ದೇಶಗಳಲ್ಲಿ ಹತ್ತು ಕಿಲೋಹರ್ಟ್ಸ್‌ಗೊಂದು ಮನೆ. 1978ರ ನವೆಂಬರ್ 23ರಿಂದ ಯೂರೋಪು, ಆಫ್ರಿಕ, ಏಷ್ಯಗಳಿಗೆಲ್ಲ ಒಂಬತ್ತು ಕಿಲೋಹರ್ಟ್ಸ್‌ಗೊಂದು ಮನೆಯೆಂದು ಗೊತ್ತಾಯಿತು. ಬೆಂಗಳೂರಿನ 612, ಧಾರವಾಡದ 765, ಕಲಬುರಗಿಯ 1107—ಈ ಅಂಕೆಗಳು ನಮ್ಮ ಕಿವಿಗೆ ಪರಿಚಿತ. ಯಾವುದನ್ನಾದರೂ ಒಂಬತ್ತರಿಂದ ಭಾಗಿಸಿ ನೋಡಿ, ಶೇಷ ಉಳಿಯದು. ಲೋಕದ ಹಲವು ರಾಷ್ಟ್ರಗಳು ಕೂಡಿ ನೆಟ್ಟ ಬಾಂದುಕಲ್ಲುಗಳ ಗುರುತು ನಮ್ಮ ಊರಿನ ನಿಲಯದ ಕಂಪನಾಂಕದಲ್ಲಿ ಅಡಗಿದೆ.

ಮುಂದೆ ಬಂದದ್ದು ಡಿಜಿಟಲ್ ವಿದ್ಯೆ. ಧ್ವನಿಯನ್ನು ಅಂಕೆಗಳನ್ನಾಗಿಸಿ ಕಳುಹಿದರೆ ಗರಗರವಿಲ್ಲದ ಶುದ್ಧನಾದ ದೊರೆಯುತ್ತದೆ. ಆದರೆ ಹಳೆಯ ಕೇಳುಗರನ್ನು ಬಿಡುವಂತಿಲ್ಲ, ಹೊಸ ಪದ್ಧತಿಯೂ ಬೇಕು. ಅಮೆರಿಕದಲ್ಲಿ 2002ರಲ್ಲಿ ಒಪ್ಪಿಗೆ ಪಡೆದ ಪದ್ಧತಿಯು ಹಳೆಯ ಧ್ವನಿಯ ಇಕ್ಕೆಲಗಳಲ್ಲಿಯೂ ಅಂಕೆಗಳ ಅಲೆಯನ್ನು ಕೂರಿಸಿತು. ಅಲ್ಲಿ ಮನೆಯಿಂದ ಮನೆಗೆ ಹತ್ತು ಕಿಲೋಹರ್ಟ್ಸ್. ಈ ಅಲೆ ಎರಡೂ ಕಡೆ ಸುಮಾರು ಹದಿನೈದರವರೆಗೆ ಕೈಚಾಚಿತು. ಎಂದರೆ ನೆರೆಯವನ ಅಂಗಳವನ್ನೇ ತುಳಿಯಿತು. 2007ರಲ್ಲಿ ಇರುಳಿನ ಪ್ರಸಾರಕ್ಕೂ ಅನುಮತಿ ದೊರೆತಾಗ ದೂರದೂರದ ನಿಲಯಗಳಿಗೂ ತೊಂದರೆ ತಟ್ಟಿತು. ಎಷ್ಟೋ ನಿಲಯಗಳು ಆ ಪ್ರಸಾರವನ್ನೇ ನಿಲ್ಲಿಸಿದವು. 2020ರಲ್ಲಿ ಅಲ್ಲಿನ ಆಯೋಗವು ಹಳೆಯ ಧ್ವನಿಯನ್ನು ಪೂರ್ಣವಾಗಿ ಬಿಟ್ಟು ಅಂಕೆಗಳನ್ನು ಮಾತ್ರ ಪ್ರಸಾರ ಮಾಡಲು ಅವಕಾಶ ನೀಡಿತು.

ಇಲ್ಲೊಂದು ಸೂಕ್ಷ್ಮವಿದೆ. ಹಿಂದೆ ನೆರೆಯ ನಿಲಯ ನಮ್ಮ ನಿಲಯದ ಮೇಲೆ ಬಿದ್ದರೆ ಕೇಳಿಸುತ್ತಿದ್ದುದು ಒಂದು ಮಾತು, ಒಂದು ರಾಗ, ಬಂದವನಾರೆಂದು ತಿಳಿಯುತ್ತಿತ್ತು. ಅಂಕೆಗಳ ಅಲೆ ಬಿದ್ದರೆ ಹಳೆಯ ಪೆಟ್ಟಿಗೆಯಲ್ಲಿ ಕೇಳಿಸುವುದು ಬರಿಯ ‘ಸುಯ್’ ಎಂಬ ಸದ್ದು. ಅತಿಥಿಗೆ ಹೆಸರೂ ಇಲ್ಲ, ಭಾಷೆಯೂ ಇಲ್ಲ.

ಭಾರತ ಆರಿಸಿಕೊಂಡದ್ದು 1998ರಲ್ಲಿ ಚೀನದ ಗುವಾಂಗ್‌ಝೌ ನಗರದಲ್ಲಿ ರೂಪುಗೊಂಡ ಒಕ್ಕೂಟದ ಪದ್ಧತಿಯನ್ನು. ಅದರ ಹೆಸರು ಡಿಜಿಟಲ್ ರೇಡಿಯೋ ಮೊಂಡಿಯಾಲ್. ಆಕಾಶವಾಣಿ 30ಕ್ಕೂ ಹೆಚ್ಚು ಮಧ್ಯಮ ತರಂಗದ ಪ್ರೇಷಕಗಳನ್ನು ಇದಕ್ಕೆ ಅಣಿಗೊಳಿಸಿತು. ಬೆಂಗಳೂರು ಮತ್ತು ಧಾರವಾಡದ 200 ಕಿಲೋವಾಟಿನ ಪ್ರೇಷಕಗಳೂ ಅವುಗಳಲ್ಲಿ ಸೇರಿದ್ದವು. ಈ ಪದ್ಧತಿ ಒಂಟಿಯಾಗಿದ್ದರೆ ತನ್ನ ಒಂದು ಮನೆಯೊಳಗೆ ಅಡಕವಾಗಿರಬಲ್ಲುದು. ಹಳೆಯ ಧ್ವನಿಯ ಜೊತೆಯಲ್ಲಿ ಸಾಗಬೇಕಾದರೆ ಮಾತ್ರ ಪಕ್ಕದ ಮನೆಯೂ ಬೇಕು. ಆ ಮನೆ ಖಾಲಿಯಿದ್ದರೆ ಕ್ಷೇಮ. ಅಲ್ಲಿ ದೂರದ ನಿಲಯವೊಂದರ ಕ್ಷೀಣಧ್ವನಿ ವಾಸವಾಗಿದ್ದರೆ, ಅದನ್ನೇ ನೆಚ್ಚಿಕೊಂಡ ಕೇಳುಗನಿಗೆ ಅಷ್ಟರಮಟ್ಟಿಗೆ ನಷ್ಟ.

ನಷ್ಟ ಇನ್ನೊಂದುಂಟು. ಹಳೆಯ ಧ್ವನಿ ದೂರ ಹೋದಂತೆ ಮೆಲ್ಲಗಾಗುತ್ತದೆ, ಆದರೂ ಕಿವಿಗೊಟ್ಟವನಿಗೆ ಅರ್ಥವಾಗುತ್ತದೆ. ಅಂಕೆಗಳ ಧ್ವನಿ ಶಕ್ತಿಯಿರುವಷ್ಟು ದೂರ ನಿರ್ಮಲ. ಅದರಾಚೆಗೆ ಒಮ್ಮೆಲೇ ಮೌನ. ಅದನ್ನು ಕೇಳಲು ಹೊಸ ಪೆಟ್ಟಿಗೆಯೂ ಬೇಕು. ನಗರದವನಿಗೆ ಇದು ನಾದದ ಹೆಚ್ಚಳದ ಪ್ರಶ್ನೆ. ಅಂಚಿನ ಊರಿನವನಿಗೆ ಕೇಳುವುದೋ ಕೇಳದಿರುವುದೋ ಎಂಬ ಪ್ರಶ್ನೆ.

ಹೊಸ ವಿದ್ಯೆಯನ್ನು ಹಳಿಯುವುದು ಇಲ್ಲಿನ ಉದ್ದೇಶವಲ್ಲ. ಕಡಿಮೆ ವಿದ್ಯುತ್ತಿನಲ್ಲಿ ವಿಸ್ತಾರವಾದ ನಾಡನ್ನು ಮುಟ್ಟುವ ಗುಣ ಅದಕ್ಕಿದೆ. ಆದರೆ ಆಕಾಶವನ್ನು ಅಳೆಯುವವರು ಸರಪಳಿಯನ್ನು ಗೋಪುರದ ಬುಡದಿಂದ ಹಿಡಿಯುವಂತೆ, ಅಲೆ ದಣಿದು ನಿಲ್ಲುವ ತೊಗರಿಯ ಹೊಲದಿಂದಲೂ ಒಮ್ಮೆ ಹಿಡಿಯಬೇಕು. ತನ್ನ ನುಡಿಯನ್ನು ಗಾಳಿಯಲ್ಲಿ ಕೇಳುವುದಕ್ಕೆ ದಶಕಗಳ ಕಾಲ ಕಾದ ಸೀಮೆ ಇದು. ಇಲ್ಲಿ ಕೇಳುವ ಕ್ಷೀಣಧ್ವನಿಯೂ ಒಂದು ಹಕ್ಕು. ಬಾಂದುಕಲ್ಲನ್ನು ಕದಲಿಸುವ ಮುನ್ನ ಆ ಹಕ್ಕುದಾರನ ಒಪ್ಪಿಗೆಯನ್ನು ಕೇಳುವುದು ಧರ್ಮ.