ಜೀಪಿನ ತುಕ್ಕು

ಬ್ಯಾಡಗಿಯಲ್ಲಿರುವ ನನ್ನ ಅಕ್ಕನ ಮಗ ಕಳೆದ ಮಳೆಗಾಲದಲ್ಲಿ ಹಿತ್ತಲಿನ ಮಹೀಂದ್ರ ಜೀಪನ್ನು ಗುಜರಿಗೆ ಕೊಡಲು ಹೊರಟಿದ್ದ. ಮೆಣಸಿನಕಾಯಿ ಚೀಲಗಳನ್ನೂ ಮದುವೆಯ ದಿಬ್ಬಣಗಳನ್ನೂ ಹೆರಿಗೆಗೆಂದು ಹಾವೇರಿಗೆ ಹೊರಟ ಹೆಣ್ಣುಮಕ್ಕಳನ್ನೂ ಹೊತ್ತ ಗಾಡಿಯದು. ಚಾಲಕನ ಪಾದದಡಿಯ ತಗಡು ತುಕ್ಕು ತಿಂದು, ತೂತಿನಲ್ಲಿ ನೆಲ ಕಾಣುತ್ತಿತ್ತು. "ಮಾಮಾ, ನೀವೇ ಹೇಳ್ರಿ" ಎಂದ.

ನನ್ನ ಇತಿಹಾಸದ ಪಾಠ ಕೇಳಿದವರಿಗೆ ಗೊತ್ತು, ನನ್ನನ್ನು ಕೇಳಿದರೆ ಉತ್ತರ ವಂಶಾವಳಿಯಿಂದಲೇ ಆರಂಭವಾಗುತ್ತದೆ. ಎರಡನೆಯ ಮಹಾಯುದ್ಧದಲ್ಲಿ, 1941ರಿಂದ, ವಿಲ್ಲಿಸ್ ಕಂಪನಿಯು ಅಮೆರಿಕದ ಸೈನ್ಯಕ್ಕೆ ಜೀಪುಗಳನ್ನು ತಯಾರಿಸಿತು. ಬೇಗ ತಯಾರಾಗಬೇಕು, ರಣರಂಗದಲ್ಲೇ ದುರಸ್ತಿಯಾಗಬೇಕು. ಆದ್ದರಿಂದ ಒಡಲು ಬಹುಮಟ್ಟಿಗೆ ಸಪಾಟು ತಗಡಿನದು. 1945ರಲ್ಲಿ ಲುಧಿಯಾನದಲ್ಲಿ ಹುಟ್ಟಿದ 'ಮಹೀಂದ್ರ ಅಂಡ್ ಮೊಹಮ್ಮದ್' ಸಂಸ್ಥೆ 1947ರಲ್ಲಿ ವಿಲ್ಲಿಸ್ ಜೀಪನ್ನು ಭಾರತಕ್ಕೆ ತಂದಿತು. ದೇಶವಿಭಜನೆಯಾದಾಗ ಪಾಲುದಾರ ಗುಲಾಮ್ ಮೊಹಮ್ಮದ್ ಪಾಕಿಸ್ತಾನದ ಮೊದಲ ಅರ್ಥಸಚಿವರಾದರು. 1951ರಲ್ಲಿ ಅಲ್ಲಿನ ಗವರ್ನರ್ ಜನರಲ್ಲೂ ಆದರು. 1948ರಲ್ಲಿ ಸಂಸ್ಥೆಯ ಹೆಸರು 'ಮಹೀಂದ್ರ ಅಂಡ್ ಮಹೀಂದ್ರ' ಆಯಿತು. ದೇಶ ಎರಡಾದರೂ ಎಂ ಅಕ್ಷರಗಳೆರಡೂ ಉಳಿದವು!

ಆ ಸಪಾಟು ತಗಡೇ ನಮಗೆ ವರವಾಯಿತು. ರಾಣೆಬೆನ್ನೂರಿನ ಟಿಂಕರಿಂಗ್ ಕುಶಲಕರ್ಮಿಯೊಬ್ಬರು ಚಾಸಿಯ ಕೆಳಗೆ ಮಲಗಿ, ಸುತ್ತಿಗೆಯಿಂದ ತಟ್ಟಿ ಕೇಳಿದರು. ಗಟ್ಟಿ ಕಬ್ಬಿಣದ ದನಿ ಖಣಿಲು, ತುಕ್ಕು ತಿಂದದ್ದರ ದನಿ ಮಂಕು. ಚಾಸಿ ಗಟ್ಟಿಯಿತ್ತು. ತಗಡಿಗೆ ಅಂಟಿದ್ದ ನಮ್ಮ ಎರೆಮಣ್ಣನ್ನು ಅವರು ಕೆರೆದು ತೋರಿಸಿದರು. ಹೀರಿದ ನೀರನ್ನು ಅದು ಬೇಗನೆ ಬಿಡದು. ನೀರೂ ಗಾಳಿಯೂ ಕೂಡಿದಲ್ಲಿ ಕಬ್ಬಿಣ ತುಕ್ಕಾಗಿ ಉಬ್ಬಿ, ಬಣ್ಣವನ್ನು ಎಬ್ಬಿಸುತ್ತದೆ.

ಹಿಂದೊಮ್ಮೆ ಬೇರೊಂದು ಕಡೆ ತುಕ್ಕಿನ ಮೇಲೆಯೇ ಪುಟ್ಟಿ ಮೆತ್ತಿ ಬಣ್ಣ ಬಳಿಸಿದ್ದೆವು. ಒಂದೇ ಮಳೆಗಾಲಕ್ಕೆ ಅದು ಹಪ್ಪಳದಂತೆ ಎದ್ದಿತ್ತು. ತಪ್ಪು ನಮ್ಮದೂ ಹೌದು, ಅಗ್ಗವೆಂದು ಒಪ್ಪಿದ್ದೆವು. ಇವರು ಹೊಳೆಯುವ ಕಬ್ಬಿಣ ಕಾಣುವವರೆಗೆ ಕತ್ತರಿಸಿ, ಹೊಸ ತಗಡಿನ ತುಂಡು ಕೂಡಿಸಿ, ಶಾಖಕ್ಕೆ ಸೊಟ್ಟಗಾಗದಂತೆ ಬಿಟ್ಟುಬಿಟ್ಟು ಬೆಸುಗೆ ಹಾಕಿದರು. ಎರಡೂ ಬದಿಗೆ ರೆಡ್ ಆಕ್ಸೈಡ್ ಬಳಿದರು. ಸಪಾಟು ತಗಡನ್ನು ಹೊಸದಾಗಿ ಮಾಡುವುದು ಸುಲಭ, ನೆಗ್ಗನ್ನು ತೆಗೆಯುವುದು ಕಷ್ಟ ಎಂಬುದನ್ನು ಅವರಿಂದ ಕಲಿತೆ. ಹೊಡೆತಕ್ಕೆ ಹಿಗ್ಗಿದ ತಗಡು ಡಬ್ಬದ ಮುಚ್ಚಳದಂತೆ ಒಳಗೂ ಹೊರಗೂ ಪಟಪಟನೆ ಹಾರುತ್ತದೆ. ಒಳಗಿನಿಂದ ಕಬ್ಬಿಣದ ಗಟ್ಟಿಯನ್ನು ಆನಿಸಿ, ಅಂಚಿನಿಂದ ನಡುವಿಗೆ ಮೆಲ್ಲನೆ ತಟ್ಟುತ್ತ ಬಂದರು.

ಎಡ ಮಡ್‌ಗಾರ್ಡಿನ ನೆಗ್ಗೊಂದನ್ನು ಮಾತ್ರ ಅಕ್ಕ ಮುಟ್ಟಗೊಡಲಿಲ್ಲ. ಅದು ಭಾವನವರು ಜೀಪು ಕಲಿಯುವಾಗ ಕಣದ ಕಲ್ಲುಕಂಬಕ್ಕೆ ಗುದ್ದಿದ್ದು. ಖಾಸಗಿ ವಾಹನಕ್ಕೆ 15 ವರ್ಷವಾದ ಮೇಲೆ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು. ಮುಂದಿನ ವಾರ ಆ ನೆಗ್ಗಿನೊಂದಿಗೇ ಗಾಡಿ ಹಾವೇರಿಯ ಆರ್.ಟಿ.ಓ. ಕಚೇರಿಗೆ ಹೋಗಲಿದೆ.