ಓಡಿದ್ದು, ಓಡಿಸಿದ್ದು

‘ಪಿಚ್ಚರ ಓಡಾಕತ್ತೈತೇನ್ರಿ?’ ವಿಜಯಪುರದ ಕಡೆ ಹೊಸ ಸಿನಿಮಾದ ಬಗ್ಗೆ ಮೊದಲು ಕೇಳುವುದು ಇದನ್ನೇ. ಯಾರ ಕಥೆ, ಏನು ಹೇಳಿದ್ದಾರೆ, ನೋಡಿ ಬಂದವರಿಗೆ ಏನನ್ನಿಸಿತು ಎಂಬುದೆಲ್ಲ ಆಮೇಲಿನ ಮಾತು. ‘ಇಲ್ರಿ, ಓಡಲಿಲ್ಲ’ ಎಂಬ ಉತ್ತರ ಬಂದರೆ ಆಮೇಲಿನ ಮಾತು ಹುಟ್ಟುವುದೇ ಇಲ್ಲ. ಹತ್ತಾರು ಜನ ವರ್ಷಗಟ್ಟಲೆ ದುಡಿದು ಮಾಡಿದ ಚಿತ್ರದ ಲೆಕ್ಕ ಆ ಒಂದು ಕ್ರಿಯಾಪದದಲ್ಲಿ ಚುಕ್ತಾ ಆಗಿಬಿಡುತ್ತದೆ. ಈ ‘ಓಡು’ ಎಂಬ ಮಾತು ನಮ್ಮ ಎಷ್ಟೋ ಒಳ್ಳೆಯ ಚಿತ್ರಗಳಿಗೆ ಅನ್ಯಾಯ ಮಾಡಿದೆ ಎಂದು ನನ್ನ ಗಟ್ಟಿ ನಂಬಿಕೆ. ಹಾಗಾಗಿ ಅದರ ಜಾತಕವನ್ನು ಸ್ವಲ್ಪ ಬಿಡಿಸಿ ನೋಡೋಣ.

ಓಡು ಅಚ್ಚ ದ್ರಾವಿಡ ಧಾತು. ತಮಿಳಿನಲ್ಲೂ ಸಿನಿಮಾ ಓಡುತ್ತದೆ. ತೆಲುಗಿನಲ್ಲಿ ಸಿನಿಮಾ ‘ಆಡುತ್ತದೆ’. ಅಲ್ಲಿ ‘ಓಡು’ ಎಂದರೆ ಸೋಲುವುದು. ಹಿಂದಿ, ಮರಾಠಿಗಳಲ್ಲಿ ಅದು ನಡೆಯುತ್ತದೆ. ಮಹಾರಾಷ್ಟ್ರಕ್ಕೆ ಅಂಟಿಕೊಂಡಿರುವ ನಮ್ಮ ಜಿಲ್ಲೆಯಲ್ಲಿ ‘ಪಿಚ್ಚರ ಓಡೇತಿ’ ಎನ್ನುವವರ ಪಕ್ಕದಲ್ಲೇ ‘ಚಲೋ ನಡದೈತಿ’ ಎನ್ನುವವರೂ ಇರುತ್ತಾರೆ. ತೆಲುಗಿನ ಸೋಲಿನ ಅರ್ಥ ನಮಗೂ ಪೂರ್ತಿ ಹೊರಗಿನದಲ್ಲ. ಹಳಗನ್ನಡದಲ್ಲಿ ಓಡುವುದು ಎಂದರೆ ಬಹಳ ಕಡೆ ರಣರಂಗದಿಂದ ಕಾಲ್ತೆಗೆಯುವುದು. ಕರ್ನಾಟಕದ ಊರೂರಲ್ಲಿ ನಿಂತಿರುವ ವೀರಗಲ್ಲುಗಳು ಓಡದೆ ನಿಂತು ಮಡಿದವರಿಗೆ ನೆಟ್ಟ ಕಲ್ಲುಗಳು. ಅಂಥ ಹಿನ್ನೆಲೆಯ ಪದ ಗೆಲುವಿನ ಪದವಾಗಿ ತಿರುಗಿದ್ದು ಸಿನಿಮಾ ಬಂದ ಮೇಲೆ.

ಅದಕ್ಕೆ ಕಾರಣ ಯಂತ್ರದಲ್ಲೇ ಇದೆ. ರೀಲಿನ ಕಾಲದಲ್ಲಿ ಚಿತ್ರ ನಿಜವಾಗಿಯೂ ಓಡುತ್ತಿತ್ತು. ಪ್ರೊಜೆಕ್ಟರಿನ ದೀಪದ ಮುಂದೆ ಸೆಕೆಂಡಿಗೆ 24 ಚೌಕಟ್ಟು, ನಿಮಿಷಕ್ಕೆ 90 ಅಡಿ ಪಟ್ಟಿ ಸರಿದುಹೋಗಬೇಕು. ಎರಡೂವರೆ ತಾಸಿನ ಚಿತ್ರವೆಂದರೆ ಹದಿಮೂರು ಸಾವಿರ ಅಡಿಗೂ ಹೆಚ್ಚು ಪಟ್ಟಿ. ಆ ರೀಲಿನ ಡಬ್ಬಿಗಳು ಬಸ್ಸಿನ ಮೇಲೆ ಊರಿಂದೂರಿಗೆ ಓಡಾಡುತ್ತಿದ್ದವು. ಪ್ರಿಂಟು ಮಾಡಿಸುವುದು ದುಬಾರಿಯಾದ್ದರಿಂದ ಇದ್ದ ನಾಲ್ಕಾರು ಪ್ರಿಂಟುಗಳು ದೊಡ್ಡ ಊರುಗಳಲ್ಲಿ ಆಟ ಮುಗಿಸಿ, ಗೀರು ಬಿದ್ದು, ಅಲ್ಲಲ್ಲಿ ತುಂಡಾಗಿ, ಕೊನೆಗೆ ಸಣ್ಣ ಊರಿನ ಟೆಂಟಿಗೆ ತಲುಪುತ್ತಿದ್ದವು. ಮೊದಲು ಪಟ್ಟಿಯ ಓಟ, ಆಮೇಲೆ ಡಬ್ಬಿಯ ಓಟ, ಕಡೆಗೆ ದಿನಗಳ ಓಟ. ಪೋಸ್ಟರಿನ ಮೇಲೆ ‘50ನೇ ದಿನ’, ‘100ನೇ ದಿನ’ ಎಂದು ಅಂಟಿಸುವ ಹೊತ್ತಿಗೆ ಯಂತ್ರದ ಮಾತು ಯೋಗ್ಯತೆಯ ಮಾತಾಗಿ ಬೇರುಬಿಟ್ಟಿತ್ತು.

ಇಲ್ಲಿ ವ್ಯಾಕರಣದ್ದೊಂದು ಸೂಕ್ಷ್ಮವಿದೆ. ‘ಚಿತ್ರ ಓಡಲಿಲ್ಲ’ ಎಂಬ ವಾಕ್ಯದಲ್ಲಿ ಕರ್ತೃ ಚಿತ್ರ. ಅದಕ್ಕೇ ಕಾಲಿದ್ದ ಹಾಗೆ, ಬಲ ಸಾಲದೆ ನಡುದಾರಿಯಲ್ಲಿ ಅದು ಕುಸಿದ ಹಾಗೆ. ಕನ್ನಡದಲ್ಲಿ ‘ಓಡು’ ಇದ್ದಂತೆ ‘ಓಡಿಸು’ ಕೂಡ ಇದೆ. ಗಾಡಿ ತಾನಾಗಿ ಓಡುವುದಿಲ್ಲ, ಓಡಿಸುವವನೊಬ್ಬ ಬೇಕು. ಸಿನಿಮಾವೂ ಹಾಗೆಯೇ. ಅದನ್ನು ಓಡಿಸುವವರು ಹಂಚಿಕೆದಾರರು, ಥೇಟರಿನವರು, ಪ್ರಚಾರಕ್ಕೆ ದುಡ್ಡು ಸುರಿಯುವವರು, ಟಿ.ವಿ. ಹಕ್ಕು ಕೊಳ್ಳುವವರು. ಒಂಟಿ ಪರದೆಯ ಥೇಟರಿಗೆ ಕನ್ನಡ ನಿರ್ಮಾಪಕ ಬಹಳ ಸಲ ವಾರದ ಬಾಡಿಗೆ ಕಟ್ಟಬೇಕು. ಜನ ಬಂದರೂ ಬಾರದಿದ್ದರೂ ಬಾಡಿಗೆ ತಪ್ಪದು. ಶುಕ್ರವಾರ ಬಿಡುಗಡೆಯಾದ ಚಿತ್ರದ ಹಣೆಬರಹ ರವಿವಾರ ಸಂಜೆಗೆ ತೀರ್ಮಾನವಾಗುತ್ತದೆ. ನೋಡಿದವರು ಮತ್ತೊಬ್ಬರಿಗೆ ಹೇಳಿ, ಅವರು ಸಂತೆಯ ದಿನ ಬಿಡುವು ಮಾಡಿಕೊಂಡು ಬರುವ ಹೊತ್ತಿಗೆ ಪರದೆಯ ಮೇಲೆ ಬೇರೆಯದೇ ಚಿತ್ರ ಇರುತ್ತದೆ. ವಿಜಯಪುರದಂಥ ಊರಿನಲ್ಲಿ ಕನ್ನಡದ ಸಣ್ಣ ಚಿತ್ರ ಹಿಂದಿಯ ಜೊತೆಗೂ ತೆಲುಗಿನ ದೊಡ್ಡ ಚಿತ್ರಗಳ ಜೊತೆಗೂ ಜಾಗಕ್ಕಾಗಿ ಗುದ್ದಾಡಬೇಕು. ಇಷ್ಟೆಲ್ಲ ನಡೆದ ಮೇಲೆ ‘ಓಡಲಿಲ್ಲ’ ಎಂದು ತಪ್ಪನ್ನು ಚಿತ್ರದ ಕಾಲಿಗೆ ಕಟ್ಟುವುದು ಸರಿಯೇ? ‘ಓಡಿಸಲಿಲ್ಲ’ ಎಂದರೆ ಮಾತು ನೇರವಾಗುತ್ತದೆ, ಯಾರು ಎಂಬ ಪ್ರಶ್ನೆಯೂ ಏಳುತ್ತದೆ.

ನನ್ನ ಮನಸ್ಸಿನಲ್ಲಿರುವ ಮೊದಲ ಹೆಸರು ‘ಬರ’. ಯು.ಆರ್. ಅನಂತಮೂರ್ತಿಯವರ ಕಥೆ, ಎಂ.ಎಸ್. ಸತ್ಯು ಅವರ ನಿರ್ದೇಶನ, 1982. ಸತ್ಯು ಎಂದೊಡನೆ ದೇಶವೆಲ್ಲ ‘ಗರಂ ಹವಾ’ವನ್ನು ನೆನೆಯುತ್ತದೆ, ಅವರು ಕನ್ನಡದಲ್ಲಿ ಮಾಡಿದ ‘ಕನ್ನೇಶ್ವರ ರಾಮ’, ‘ಚಿತೆಗೂ ಚಿಂತೆ’, ‘ಬರ’ಗಳನ್ನು ನಾವೇ ನೆನೆಯುವುದಿಲ್ಲ. ‘ಬರ’ದಲ್ಲಿ ಅನಂತನಾಗ್ ಒಬ್ಬ ಜಿಲ್ಲಾಧಿಕಾರಿ. ಮಳೆ ಕೈಕೊಟ್ಟ ಜಿಲ್ಲೆಯನ್ನು ಬರಪೀಡಿತವೆಂದು ಘೋಷಿಸಿದರೆ ಜನರಿಗೆ ನೆರವು ಬರುತ್ತದೆ ಎಂಬುದು ಅವನ ನೇರ ಲೆಕ್ಕ. ರಾಜಧಾನಿಯ ಲೆಕ್ಕ ಬೇರೆ. ಯಾರಿಗೆ ಯಾವ ಜಿಲ್ಲೆಯಲ್ಲಿ ಹೆಸರು ಬರಬಾರದು ಎಂಬುದರ ಮೇಲೆ ಅದು ನಡೆಯುತ್ತದೆ. ಹಸಿವು ಕೊನೆಗೆ ಗಲಭೆಯಾಗಿ ತಿರುಗುತ್ತದೆ. ಬೀದರಿನ ಸುತ್ತಮುತ್ತ ಚಿತ್ರೀಕರಣವಾದ ಈ ಕಥೆ ವಿಜಯಪುರ ಜಿಲ್ಲೆಗೆ ಬರೆದಿಟ್ಟಂತಿದೆ. ಬರವೆಂದರೆ ಬರೀ ಮಳೆ ಇಲ್ಲದ್ದಲ್ಲ, ಪಟ್ಟಿಯಲ್ಲಿ ಹೆಸರು ಇಲ್ಲದ್ದೂ ಹೌದು ಎಂಬುದನ್ನು ನಮ್ಮ ರೈತರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. 2023ರಲ್ಲಿ ರಾಜ್ಯ ಸರ್ಕಾರ ಮೊದಲು 195 ತಾಲೂಕುಗಳನ್ನು ಬರಪೀಡಿತವೆಂದು ಸಾರಿತು. ಪಟ್ಟಿ ಬೆಳೆಯುತ್ತ ಹೋಗಿ 223ಕ್ಕೆ ಮುಟ್ಟಿತು. ಮೊದಲ ಪಟ್ಟಿಗೂ ಕೊನೆಯ ಪಟ್ಟಿಗೂ ನಡುವಿನ ಆ ವಾರಗಳನ್ನು ಉಸಿರು ಬಿಗಿಹಿಡಿದು ಕಳೆದ ಊರುಗಳಿವೆ. ಆ ಕಾಯುವಿಕೆಯ ಒಳಗುಟ್ಟನ್ನು ನಾಲ್ಕು ದಶಕ ಮೊದಲೇ ತೆರೆದಿಟ್ಟ ಚಿತ್ರ ನಮ್ಮಲ್ಲೇ ಇದೆ.

ಬರದ ಮಾತಿನೊಡನೆ ನಮ್ಮ ಜಿಲ್ಲೆಯ ತಿಕೋಟಾ, ಬಬಲೇಶ್ವರಗಳೂ ನೆನಪಾಗುತ್ತವೆ. ಇವು ಈಚಿನ ವರ್ಷಗಳಲ್ಲಿ ತಾಲೂಕು ಕೇಂದ್ರಗಳಾದ ಊರುಗಳು. ಒಂದು ಅಥಣಿಯ ದಾರಿಯಲ್ಲಿದೆ, ಇನ್ನೊಂದು ಜಮಖಂಡಿಯ ದಾರಿಯಲ್ಲಿ. ತುಬಚಿ–ಬಬಲೇಶ್ವರ ಏತ ನೀರಾವರಿಯಲ್ಲಿ ಕೃಷ್ಣೆಯ ನೀರು ಮೇಲೇರಿ ಬಂದ ಮೇಲೆ ನೆಲದ ಬಣ್ಣವೇ ಬದಲಾಗಿದೆ. ತಿಕೋಟಾದ ಕಡೆ ಕಣ್ಣು ಹಾಯಿಸಿದಲ್ಲೆಲ್ಲ ದ್ರಾಕ್ಷಿ ಪಡ, ಒಣದ್ರಾಕ್ಷಿ ಮಾಡುವ ಶೆಡ್ಡು. ಅಲ್ಲಿನ ಬೆಳೆಗಾರನಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು: ಮಾಲು ಎಷ್ಟು ಚಲೋ ಇದ್ದರೂ ಸವಾಲಿನಲ್ಲಿ ಕೂಗಿದ ದರವೇ ಆ ದಿನದ ದರ, ಮತ್ತು ಆ ದರ ಹಣ್ಣಿನ ಸಿಹಿಯನ್ನು ಅಳೆದು ಹೇಳಿದ್ದಲ್ಲ. ಸಿನಿಮಾದ ‘ಓಟ’ವನ್ನೂ ಅವನು ಅದೇ ಕಣ್ಣಿನಿಂದ ನೋಡಬಲ್ಲ ಎಂದು ನನಗನ್ನಿಸುತ್ತದೆ.

‘ಹರಿವು’ ಮತ್ತು ‘ಫೋಟೋ’ ಎಂಬ ಎರಡು ಚಿತ್ರಗಳನ್ನು ಒಟ್ಟಿಗೆ ಹೇಳಬೇಕು. ಮಂಸೋರೆ ನಿರ್ದೇಶನದ ‘ಹರಿವು’ 2014ರ ಚಿತ್ರ. ವೈದ್ಯೆ ಆಶಾ ಬೆನಕಪ್ಪ ಬರೆದ ನೈಜ ಘಟನೆಯೊಂದು ಅದರ ಬೀಜ. ಮಗನ ಚಿಕಿತ್ಸೆಗೆಂದು ಬೆಂಗಳೂರಿಗೆ ಹೋದ ಉತ್ತರ ಕರ್ನಾಟಕದ ರೈತನೊಬ್ಬ, ಮಗ ತೀರಿಕೊಂಡ ಮೇಲೆ ಹೆಣ ಸಾಗಿಸಲು ದುಡ್ಡಿಲ್ಲದೆ ಟ್ರಂಕಿನಲ್ಲಿಟ್ಟುಕೊಂಡು ಊರಿಗೆ ಹೊರಡುತ್ತಾನೆ. ಸಂಚಾರಿ ವಿಜಯ್ ಇದರಲ್ಲಿದ್ದಾರೆ. 62ನೇ ರಾಷ್ಟ್ರೀಯ ಪ್ರಶಸ್ತಿಗಳಲ್ಲಿ ಇದಕ್ಕೆ ಅತ್ಯುತ್ತಮ ಕನ್ನಡ ಚಿತ್ರವೆಂಬ ಮನ್ನಣೆ ಬಂತು; ಅದೇ ವರ್ಷ ‘ನಾನು ಅವನಲ್ಲ, ಅವಳು’ ಚಿತ್ರಕ್ಕೆ ವಿಜಯ್ ಅತ್ಯುತ್ತಮ ನಟರಾದರು. 2021ರಲ್ಲಿ ರಸ್ತೆ ಅಪಘಾತ ಅವರನ್ನು ಕಿತ್ತುಕೊಂಡಿತು. ಉತ್ಸವ್ ಗೋನವಾರ ಅವರ ‘ಫೋಟೋ’ ಬಿಡುಗಡೆಯಾದದ್ದು 2024ರ ಮಾರ್ಚಿನಲ್ಲಿ. ವಿಧಾನಸೌಧದ ಮುಂದೆ ನಿಂತು ಒಂದು ಫೋಟೋ ತೆಗೆಸಿಕೊಳ್ಳಬೇಕೆಂಬ ಆಸೆಯಿಂದ ರಾಯಚೂರು ಕಡೆಯ ಹುಡುಗ, ಕಟ್ಟಡ ಕೆಲಸಕ್ಕೆ ಹೋದ ಅಪ್ಪನ ಬಳಿ ಬೆಂಗಳೂರಿಗೆ ಬರುತ್ತಾನೆ. ಅಷ್ಟರಲ್ಲಿ ಲಾಕ್‌ಡೌನ್. ಮುಂದಿನದು ಊರಿನ ಕಡೆಗೆ ನಡಿಗೆ.

ಒಂದರಲ್ಲಿ ಬಸ್ಸಿನ ಪಯಣ, ಇನ್ನೊಂದರಲ್ಲಿ ಬರಿಗಾಲ ನಡಿಗೆ. ದುಡಿಯಲು ಹೋದವರೋ ಆಸ್ಪತ್ರೆಗೆ ಹೋದವರೋ ಬೆಂಗಳೂರಿನಿಂದ ಊರಿಗೆ ಮರಳುವ ಈ ದಾರಿ ವಿಜಯಪುರ ಜಿಲ್ಲೆಯ ಸಾವಿರಾರು ಮನೆಗಳ ದಾರಿ. ಈ ಚಿತ್ರಗಳಲ್ಲಿ ನಮ್ಮ ಮಾತು ಅಳುತ್ತದೆ, ಯೋಚಿಸುತ್ತದೆ, ಸುಮ್ಮನಿರುತ್ತದೆ. ಇದು ಸಣ್ಣ ಸಂಗತಿಯಲ್ಲ. ಕನ್ನಡದ ಹೆಚ್ಚಿನ ಚಿತ್ರಗಳಲ್ಲಿ ‘ಹೌದ್ರೀ’, ‘ಏನಲೇ’ ಕೇಳಿಸಿತೆಂದರೆ ಅದು ನಗಿಸಲು ಬಂದ ಪಾತ್ರ, ಇಲ್ಲವೇ ಮೀಸೆ ತಿರುವುವ ಗೌಡ. ಒಂದು ಸೀಮೆಯ ಜನ ತಮ್ಮ ಮಾತಿನಲ್ಲಿ ದುಃಖ ಪಡುವುದನ್ನು ಪರದೆಯ ಮೇಲೆ ಕಾಣುವುದೇ ಅಪರೂಪವಾಗಿರುವಾಗ, ಕಾಣಿಸಿದ ಚಿತ್ರಕ್ಕೆ ಆ ಸೀಮೆಯವರಾದರೂ ನೆರೆಯಬೇಡವೇ? ಆದರೆ ನೆರೆಯಲು ಚಿತ್ರ ಹತ್ತಿರದ ಪರದೆಗೆ ಬರಬೇಕು. ಇಂಥವು ಬೆಂಗಳೂರಿನ ಮಾಲುಗಳ ಸಣ್ಣ ಪರದೆಗಳಲ್ಲಿ, ಕೆಲಸದವರು ಹೋಗಲಾಗದ ಹೊತ್ತಿನ ಆಟಗಳಲ್ಲಿ ಬಂದು ಹೋಗಿಬಿಡುತ್ತವೆ. ಯಾರ ಕಥೆಯೋ ಅವರಿಗೆ ತಲುಪದ ಚಿತ್ರವನ್ನು ಸೋತದ್ದು ಎಂದು ನಾನು ಒಪ್ಪಲಾರೆ.

ಚಂದ್ರಶೇಖರ ಕಂಬಾರರ ‘ಕಾಡುಕುದುರೆ’ಯದು ಇನ್ನೂ ವಿಚಿತ್ರ ಕಥೆ. ಹುಟ್ಟೂರು ಘೋಡಗೇರಿಯ ಮಾತು, ಲಾವಣಿಯ ಲಯ, ಜಾನಪದದ ಕಸುವು ಎಲ್ಲವನ್ನೂ ಕಂಬಾರರು ತಾವೇ ಪರದೆಗೆ ತಂದ ಚಿತ್ರ ಅದು. ಅದರ ಹಾಡಿಗೆ ಶಿವಮೊಗ್ಗ ಸುಬ್ಬಣ್ಣ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಹಿನ್ನೆಲೆ ಗಾಯನಕ್ಕೆ ಕನ್ನಡಿಗರೊಬ್ಬರಿಗೆ ಸಿಕ್ಕ ಮೊದಲ ರಾಷ್ಟ್ರಪ್ರಶಸ್ತಿ ಅದು. ಆ ಹಾಡಿನಲ್ಲಿ ಕುದುರೆಯೊಂದು ಓಡಿ ಬರುತ್ತದೆ. ಅರ್ಧ ಶತಮಾನ ಸಮೀಪಿಸಿದರೂ ಅದು ಓಡುತ್ತಲೇ ಇದೆ: ಶಾಲೆಯ ವಾರ್ಷಿಕೋತ್ಸವದಲ್ಲಿ, ಸುಗಮ ಸಂಗೀತದ ವೇದಿಕೆಯಲ್ಲಿ, ಆಕಾಶವಾಣಿಯಲ್ಲಿ. ಆದರೆ ಚಿತ್ರ ನೋಡಿದ್ದೀರಾ ಎಂದು ಕೇಳಿದರೆ ಹಾಡು ಬಾಯಿಪಾಠ ಇರುವವರೂ ಮುಖಮುಖ ನೋಡಿಕೊಳ್ಳುತ್ತಾರೆ. ಕುದುರೆ ಬಂತು, ಅದು ಹುಟ್ಟಿದ ಕಾಡನ್ನು ಯಾರೂ ಹೊಕ್ಕು ನೋಡಲಿಲ್ಲ.

ಓಡಿದ ಚಿತ್ರಗಳೆಲ್ಲ ಪೊಳ್ಳು ಎಂದು ನಾನು ಹೇಳುತ್ತಿಲ್ಲ. ‘ಬಂಗಾರದ ಮನುಷ್ಯ’ 1972ರಲ್ಲಿ ಬಂದು ದಾಖಲೆಯ ಓಟ ಓಡಿತು, ಆ ಓಟಕ್ಕೆ ತಕ್ಕ ಚಿತ್ರವೇ ಅದು. ಕಲ್ಲುನೆಲದಲ್ಲಿ ಬೆಳೆ ತೆಗೆಯುವ ಅದರ ರಾಜೀವಪ್ಪನನ್ನು ತಿಕೋಟಾದ ದ್ರಾಕ್ಷಿ ತೋಟಗಳ ನಡುವೆ ನಿಂತು ನೆನೆದರೆ ಮೈ ನವಿರೇಳುತ್ತದೆ. ಓಟದ ದೊಡ್ಡ ದಾಖಲೆಯೊಂದರಲ್ಲಿ ನಮ್ಮ ಸೀಮೆಯ ಕೊರಳೇ ಇದೆ. 1943ರ ಹಿಂದಿ ಚಿತ್ರ ‘ಕಿಸ್ಮತ್’ ಕಲಕತ್ತೆಯ ರಾಕ್ಸಿ ಥೇಟರಿನಲ್ಲಿ ಮೂರು ವರ್ಷಕ್ಕೂ ಮೇಲ್ಪಟ್ಟು ಓಡಿತು. ಅದರ ಹೆಚ್ಚಿನ ಹಾಡುಗಳನ್ನು ಹಾಡಿದವರು ಆಗಿನ ವಿಜಾಪುರ ಜಿಲ್ಲೆಯ ಬೀಳಗಿಯ ಅಮೀರಬಾಯಿ ಕರ್ನಾಟಕಿ. 1965ರಲ್ಲಿ ತೀರಿಕೊಂಡ ಅವರನ್ನು ಮಣ್ಣು ಮಾಡಿದ್ದು ಇದೇ ವಿಜಯಪುರದಲ್ಲಿ, ಅವರ ಹೆಸರು ಹೊತ್ತ ಅಮೀರ್ ಟಾಕೀಸ್ ಇದ್ದದ್ದೂ ಇಲ್ಲೇ. ಚಿತ್ರ ಅಷ್ಟು ಓಡಿದರೂ ಹಾಡಿದವರ ನೆನಪು ಅಷ್ಟು ದೂರ ಬರಲಿಲ್ಲ. ರಹಮತ್ ತರೀಕೆರೆ ಅವರು ಅಮೀರಬಾಯಿಯ ಬದುಕನ್ನು ಪುಸ್ತಕವಾಗಿ ಬರೆಯದಿದ್ದರೆ ನಮ್ಮಲ್ಲಿ ಬಹಳ ಮಂದಿಗೆ ಆ ಹೆಸರು ಥೇಟರಿನ ಹೆಸರಾಗಿಯೇ ಉಳಿಯುತ್ತಿತ್ತು.

ಹಾಗಾದರೆ ಯಾವ ಚಿತ್ರಕ್ಕೆ ಇನ್ನಷ್ಟು ಆದರ ಸಲ್ಲಬೇಕು? ಓಡದ ಚಿತ್ರಗಳಿಗೆಲ್ಲ ಅಲ್ಲ, ಪ್ರಶಸ್ತಿ ಬಂದವುಗಳಿಗೆಲ್ಲ ಕೂಡ ಅಲ್ಲ. ನನ್ನ ಅಳತೆ ಇಷ್ಟು: ಚಿತ್ರ ನೋಡಿದ ಮೇಲೆ ನಮ್ಮ ಕಣ್ಣೆದುರಿನ ಒಂದು ಸಂಗತಿ ಮೊದಲಿನಂತೆ ಕಾಣಬಾರದು. ‘ಬರ’ ನೋಡಿದವರಿಗೆ ಬರಪೀಡಿತ ತಾಲೂಕುಗಳ ಪಟ್ಟಿ ಮೊದಲಿನಂತೆ ಕಾಣದು. ‘ಹರಿವು’ ನೋಡಿದವರಿಗೆ ರಾತ್ರಿ ಬಸ್ಸಿನಲ್ಲಿ ಟ್ರಂಕು ತಬ್ಬಿ ಕುಳಿತ ಮನುಷ್ಯ ಮೊದಲಿನಂತೆ ಕಾಣನು. ಅಂಥ ಕಸುವಿರುವ ಚಿತ್ರ ವಾರವೊಪ್ಪತ್ತಿನಲ್ಲಿ ಮುಗಿಯುವುದಿಲ್ಲ. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ 1977ರದು, ಸ್ವರ್ಣಕಮಲ ಪಡೆದದ್ದು. ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಮಾರ್ಟಿನ್ ಸ್ಕಾರ್ಸೆಸಿಯವರ ಸಂಸ್ಥೆಯ ಪ್ರಯತ್ನದಿಂದ ಪುನರುಜ್ಜೀವನಗೊಂಡು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಮತ್ತೆ ಪರದೆ ಕಂಡಿತು. 47 ವರ್ಷಗಳ ಮೇಲೆ ಅದನ್ನು ಮತ್ತೆ ಓಡಿಸಿದವರಿದ್ದರು, ಅದಕ್ಕೇ ಅದು ಓಡಿತು.

ವಿಜಯಪುರಕ್ಕೆ ವೆನಿಸ್ ಬೇಕಿಲ್ಲ. ಕಂದಗಲ್ ಹನುಮಂತರಾಯ ರಂಗಮಂದಿರವಿದೆ, ಕಾಲೇಜುಗಳ ಸಭಾಂಗಣಗಳಿವೆ, ಮಠದ ಬಯಲುಗಳಿವೆ. ಒಣದ್ರಾಕ್ಷಿಯ ಹಂಗಾಮು ಮುಗಿದ ಬೇಸಿಗೆಯಲ್ಲಿ ತಿಕೋಟಾದಲ್ಲೊಂದು ಸಂಜೆ, ಬಬಲೇಶ್ವರದಲ್ಲೊಂದು ಸಂಜೆ ಪರದೆ ಕಟ್ಟಿದರೆ ಸಾಕು. ಹಕ್ಕುದಾರರಿಂದ ಅನುಮತಿ ತರಲು ಒಂದು ಕನ್ನಡ ಸಂಘ ಮನಸ್ಸು ಮಾಡಬೇಕು, ಚಲನಚಿತ್ರ ಅಕಾಡೆಮಿ ಬೆನ್ನಿಗೆ ನಿಲ್ಲಬೇಕು. ಮೊದಲ ಸಂಜೆ ‘ಬರ’ವನ್ನೇ ಇಡಿ, ತಹಶೀಲ್ದಾರರನ್ನೂ ಕರೆಯಿರಿ, ಚಿತ್ರ ಮುಗಿದ ಮೇಲೆ ರೈತರು ಅವರ ಜೊತೆ ಅರ್ಧ ತಾಸು ಮಾತಾಡಲಿ. ಎರಡನೆಯ ಸಂಜೆ ‘ಫೋಟೋ’, ಮುಂದಿನ ಸಾಲಿನಲ್ಲಿ ಬೆಂಗಳೂರಿಗೆ ಗುಳೆ ಹೋಗಿ ಬಂದವರು ಮಕ್ಕಳೊಡನೆ ಕೂಡಲಿ.